ತೆರೆದಿಟ್ಟ ನಲ್ಲಿ, ತೆರೆಯದ ಲಕೋಟೆ: ಸಾಮಾಜಿಕ ವಸತಿಯ ಒಂದು ತೆರವು ಪ್ರಕರಣದ ಅಧ್ಯಯನ

ಕಡಿಮೆ ಆದಾಯದವರಿಗೆ ಮನೆ ಒದಗಿಸುವ ಸಾಮಾಜಿಕ ವಸತಿ ಸಂಸ್ಥೆಯೊಂದರ ಬಾಡಿಗೆ ಮನೆಯಲ್ಲಿ 11 ವರ್ಷಗಳಿಂದ ಒಬ್ಬರೇ ವಾಸವಾಗಿದ್ದ, ಐವತ್ತರ ಆಸುಪಾಸಿನ ಮಹಿಳೆಯೊಬ್ಬರನ್ನು ಮನೆಯಿಂದ ತೆರವುಗೊಳಿಸುವ ಹಂತಕ್ಕೆ ಬಂದಿದ್ದ ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಒಂದಕ್ಕಿಂತ ಹೆಚ್ಚು ಕಡತಗಳ ವಿವರಗಳನ್ನು ಬೆರೆಸಿ, ಊರು, ಸಂಸ್ಥೆ, ಹೆಸರುಗಳನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ. ಬಾಡಿಗೆದಾರರ ನೆರವು ವಿಭಾಗದ ಮೇಲ್ವಿಚಾರಣೆ ನನ್ನದಾಗಿತ್ತು. ಹಾಗಾಗಿ ಮುಂದೆ ಹೇಳುವ ತಪ್ಪುಗಳಲ್ಲಿ ಕೆಲವು ನನ್ನ ಸಹಿಯಿಂದಲೇ ಆದವು.

ಕಡತದಲ್ಲಿ ಇದ್ದದ್ದು

ನಮ್ಮ ವಿಭಾಗದ ಮೇಜಿಗೆ ಬರುವ ಹೊತ್ತಿಗೆ ಇದು ಬಹುತೇಕ ಮುಗಿದ ಪ್ರಕರಣವಾಗಿತ್ತು. ಬಾಡಿಗೆ ಬಾಕಿ ಬೆಳೆಯತೊಡಗಿ 8 ತಿಂಗಳಾಗಿತ್ತು. ವಸೂಲಿ ವಿಭಾಗ ಕಳುಹಿಸಿದ 7 ಪತ್ರಗಳಲ್ಲಿ ಒಂದಕ್ಕೂ ಉತ್ತರ ಬಂದಿರಲಿಲ್ಲ. ವಿದ್ಯುತ್ ಸುರಕ್ಷತಾ ತಪಾಸಣೆಗೆ ಹೋದವರು ಎರಡು ಬಾರಿ ಮುಚ್ಚಿದ ಬಾಗಿಲು ನೋಡಿ ಮರಳಿದ್ದರು. ಕೆಳಮಹಡಿಯ ಕುಟುಂಬ 14 ದೂರು ಕೊಟ್ಟಿತ್ತು. ಅವುಗಳಲ್ಲಿ ಮೂರು ಮೇಲಿನಿಂದ ನೀರಿಳಿದು ತಮ್ಮ ಮನೆಯ ಚಾವಣಿ ಹಾಳಾದ ಬಗ್ಗೆ, ಉಳಿದವು ರಾತ್ರಿಯಿಡೀ ಕೇಳಿಸುವ ನೀರಿನ ಸದ್ದಿನ ಬಗ್ಗೆ. ಟಿಪ್ಪಣಿಗಳಲ್ಲಿ ‘ಅಸಹಕಾರ’ ಎಂಬ ಪದ ಮೂವರು ಅಧಿಕಾರಿಗಳ ಬರಹದಲ್ಲೂ ಕಾಣಿಸಿತ್ತು. ಎರಡನೆಯವರು ಅದನ್ನು ಮೊದಲನೆಯವರಿಂದ, ಮೂರನೆಯವರು ಎರಡನೆಯವರಿಂದ ಎರವಲು ಪಡೆದಿದ್ದರೆಂದು ಈಗ ನನಗನಿಸುತ್ತದೆ, ಏಕೆಂದರೆ ಮೂವರಲ್ಲಿ ಯಾರೂ ಆಕೆಯೊಡನೆ ಒಂದು ಮಾತನ್ನೂ ಆಡಿರಲಿಲ್ಲ. ನ್ಯಾಯಾಲಯಕ್ಕೆ ತೆರವು ಅರ್ಜಿ ಸಲ್ಲಿಸುವ ಮೊದಲು ನೆರವು ವಿಭಾಗದ ಅಭಿಪ್ರಾಯ ಪಡೆಯಬೇಕೆಂಬ ನಿಯಮವಿದ್ದುದರಿಂದಷ್ಟೇ ಕಡತ ನಮ್ಮಲ್ಲಿಗೆ ಬಂದಿತ್ತು. ಅಂಥ ಕಡತಗಳಿಗೆ ‘ಆಕ್ಷೇಪವಿಲ್ಲ’ ಎಂದು ಬರೆದು ಕಳುಹಿಸುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಈ ಬಾರಿ ಹಾಗಾಗಲಿಲ್ಲ. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ್ದ ನೆರವು ಕಾರ್ಯಕರ್ತೆಯೊಬ್ಬರು ಬಾಕಿಯ ಒಟ್ಟು ಮೊತ್ತದ ಜೊತೆಗೆ ಲೆಕ್ಕಪುಸ್ತಕದ ಸಾಲುಗಳನ್ನೂ ಓದಿದರು. ಪ್ರತಿ ತಿಂಗಳ 3ನೇ ತಾರೀಖಿಗೆ ಒಂದು ಸಣ್ಣ ಮೊತ್ತ ತಪ್ಪದೆ ಜಮೆಯಾಗುತ್ತಿತ್ತು. ಎಂಟು ತಿಂಗಳಲ್ಲಿ ಒಮ್ಮೆಯೂ ನಿಂತಿರಲಿಲ್ಲ, ಒಂದು ದಿನವೂ ತಡವಾಗಿರಲಿಲ್ಲ. ಬಾಡಿಗೆಯಲ್ಲಿ ಕಾಲು ಭಾಗ ಆಕೆ ಕಟ್ಟಬೇಕಾದ ಪಾಲು, ಮುಕ್ಕಾಲು ಭಾಗ ಸಹಾಯಧನದಿಂದ ನೇರವಾಗಿ ಬರಬೇಕಾದದ್ದು. ನಿಂತಿದ್ದು ಸಹಾಯಧನ. ಬಾಡಿಗೆ ಕಟ್ಟದವರೆಂದು ನಾವು ಪಟ್ಟಿಗೆ ಸೇರಿಸಿದ್ದ ಮಹಿಳೆ ತನ್ನ ಪಾಲಿನ ಬಾಡಿಗೆಯನ್ನು ಒಂದು ತಿಂಗಳೂ ತಪ್ಪಿಸಿರಲಿಲ್ಲ. ಗಣಕಯಂತ್ರ ಒಟ್ಟು ಬಾಕಿಯನ್ನು ಮಾತ್ರ ಕೆಂಪು ಅಕ್ಷರದಲ್ಲಿ ತೋರಿಸುತ್ತಿತ್ತು, ನಾವು ಆ ಕೆಂಪನ್ನಷ್ಟೇ ನೋಡುತ್ತಿದ್ದೆವು.

ಅದೇ ಕಾರ್ಯಕರ್ತೆ ದೂರುಗಳನ್ನೂ ಗಂಟೆಯ ಪ್ರಕಾರ ಜೋಡಿಸಿ ನೋಡಿದರು. ಎಲ್ಲವೂ ರಾತ್ರಿ 1 ಗಂಟೆಯಿಂದ 4 ಗಂಟೆಯ ನಡುವಿನವು.

ಬಾಗಿಲಿನ ಆಚೆ

ಮೊದಲ ಭೇಟಿಯಲ್ಲಿ ಕಂಡದ್ದು ಬಾಗಿಲು ಮಾತ್ರ. ಅಂಚೆ ಹಾಕುವ ಸೀಳಿಗೆ ಒಳಗಿನಿಂದ ಅಗಲವಾದ ಟೇಪು ಅಂಟಿಸಲಾಗಿತ್ತು. ಇಣುಕುಗಂಡಿಯ ಮೇಲೂ ಟೇಪು. ಒಳಗೆ ನಡೆದಾಡುವ ಸದ್ದು ಕೇಳಿಸುತ್ತಿದ್ದರೂ ಉತ್ತರ ಬರಲಿಲ್ಲ. ಕಾರ್ಯಕರ್ತೆ ಎರಡನೇ ಬಾರಿ ಬಾಗಿಲು ತಟ್ಟಲಿಲ್ಲ. ತನ್ನ ಹೆಸರು ಹೇಳಿ, ಮುಂದಿನ ಮಂಗಳವಾರ ಮಧ್ಯಾಹ್ನ 3 ಗಂಟೆಗೆ ಬರುತ್ತೇನೆ, ಒಳಗೆ ಬರಲು ಕೇಳುವುದಿಲ್ಲ ಎಂದು ತಿಳಿಸಿ, ಅದನ್ನೇ ಮೂರು ಸಾಲಿನಲ್ಲಿ ಕೈಬರಹದಲ್ಲಿ ಬರೆದು ಬಾಗಿಲ ಕೆಳಗಿನಿಂದ ಒಳಗೆ ಸರಿಸಿ ಬಂದರು. ಎರಡನೇ ಮಂಗಳವಾರವೂ ಇಷ್ಟೇ. ಮೂರನೆಯ ಬಾರಿ ಬಾಗಿಲು ಸರಪಳಿಯಷ್ಟು ಅಗಲಕ್ಕೆ ತೆರೆಯಿತು, ನಾಲ್ಕನೆಯ ಬಾರಿ ಪೂರ್ತಿ.

ನಾಲ್ಕು ವಾರ ಎಂದರೆ ಇಂಥ ಕೆಲಸದಲ್ಲಿ ಹೆಚ್ಚಲ್ಲ, ಆದರೆ ವಸೂಲಿ ವಿಭಾಗದ ವೇಳಾಪಟ್ಟಿಯಲ್ಲಿ ಅಷ್ಟು ದಿನಗಳಿಗೆ ಜಾಗವಿರಲಿಲ್ಲ. ಎರಡು ವಾರಕ್ಕೊಂದು ಪತ್ರ, ಪ್ರತಿ ಪತ್ರವೂ ಹಿಂದಿನದಕ್ಕಿಂತ ಖಾರ ಎಂಬ ಕ್ರಮಕ್ಕೆ ಉತ್ತರ ಕೊಡದಿರುವವರು ಉತ್ತರ ಕೊಡಲು ಒಲ್ಲದವರೇ ಎಂಬ ಊಹೆ ಆಧಾರವಾಗಿರುತ್ತದೆ. ತೀವ್ರ ಮಾನಸಿಕ ಕಾಯಿಲೆಯುಳ್ಳ ಬಾಡಿಗೆದಾರರ ವಿಷಯದಲ್ಲಿ ಈ ಊಹೆಯೇ ಹೆಚ್ಚು ಬಾರಿ ತಪ್ಪಾಗುತ್ತದೆ ಎಂಬುದು ನನ್ನ ಅನುಭವ. ಪತ್ರದ ದನಿ ಏರಿದಷ್ಟೂ ಲಕೋಟೆ ತೆರೆಯುವುದು ಕಷ್ಟವಾಗುತ್ತದೆ. ತೆರೆಯದಿದ್ದಷ್ಟೂ ಮುಂದಿನ ಪತ್ರದ ದನಿ ಇನ್ನಷ್ಟು ಏರುತ್ತದೆ.

ಒಳಗಿನ ಮನೆ ನಾವು ಊಹಿಸಿದ್ದಂತೆ ಇರಲಿಲ್ಲ. ಕೊಳಕಿರಲಿಲ್ಲ, ಬಟ್ಟೆಗಳನ್ನು ಮಡಿಸಿಟ್ಟಿದ್ದರು, ನೆಲ ಗುಡಿಸಿತ್ತು. ಗಾಳಿಕಿಂಡಿಗಳಿಗೆಲ್ಲ ಟೇಪು ಅಂಟಿಸಿದ್ದರಿಂದ ಕೋಣೆಯಲ್ಲಿ ಉಸಿರು ಕಟ್ಟುವಂತಿತ್ತು. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ 7 ಪತ್ರಗಳೂ ಇನ್ನೂ ಹಲವು ಕಚೇರಿಗಳ ಪತ್ರಗಳೂ ಬಂದ ದಿನಾಂಕದ ಕ್ರಮದಲ್ಲೇ ಇದ್ದವು. ಒಂದನ್ನೂ ತೆರೆದಿರಲಿಲ್ಲ, ಒಂದನ್ನೂ ಎಸೆದಿರಲಿಲ್ಲ. ಅಡುಗೆಮನೆಯ ತೊಟ್ಟಿಯಲ್ಲಿ ದಪ್ಪನೆಯ ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ ನಲ್ಲಿಯ ಕೆಳಗೆ ಹಾಸಲಾಗಿತ್ತು.

ಆ ಟವೆಲಿನ ವಿಷಯ ತಿಳಿಯಲು ಮತ್ತೆ ಎರಡು ಭೇಟಿ ಬೇಕಾದವು. ಆಕೆಗೆ ರಾತ್ರಿ ಹೊತ್ತು ಧ್ವನಿಗಳು ಕೇಳಿಸುತ್ತಿದ್ದವು. ಗಾಳಿಕಿಂಡಿಯಿಂದ ಬರುತ್ತಿವೆ ಎಂದುಕೊಂಡು ಕಿಂಡಿಗಳನ್ನು ಮುಚ್ಚಿದ್ದರು. ಆಮೇಲೂ ನಿಲ್ಲದಿದ್ದಾಗ ನಲ್ಲಿಯನ್ನು ತೆರೆದಿಟ್ಟರೆ ನೀರಿನ ಸದ್ದಿನಲ್ಲಿ ಅವು ಅಡಗುತ್ತವೆ ಎಂಬುದನ್ನು ಕಂಡುಕೊಂಡಿದ್ದರು. ಹೊರಗಿನ ಸದ್ದಿನಿಂದ ಧ್ವನಿಗಳನ್ನು ಮುಚ್ಚಿಕೊಳ್ಳುವುದು ಧ್ವನಿಭ್ರಮೆಯುಳ್ಳ ಅನೇಕರು ತಾವಾಗಿಯೇ ಕಲಿಯುವ ಉಪಾಯ. ಕೆಲವರು ರೇಡಿಯೊ ಹಚ್ಚುತ್ತಾರೆ, ಕೆಲವರು ಗುನುಗುತ್ತಾರೆ. ನೀರು ಬೀಳುವ ಸದ್ದು ಕೆಳಗಿನ ಮನೆಯವರಿಗೆ ಕೇಳಿಸುತ್ತದೆಂಬುದು ದೂರಿನ ಪತ್ರ ಓದದೆಯೂ ಆಕೆಗೆ ತಿಳಿದಿತ್ತು, ಏಕೆಂದರೆ ಅವರು ಒಮ್ಮೆ ಕೋಲಿನಿಂದ ಚಾವಣಿ ತಟ್ಟಿದ್ದರು. ಅದಕ್ಕಾಗಿ, ಅವರಿಗೆ ತೊಂದರೆಯಾಗದಿರಲೆಂದು, ಟವೆಲು ಹಾಸಿದ್ದರು. ಆ ಟವೆಲೇ ಮೂರು ಬಾರಿ ತೊಟ್ಟಿಯ ಕಂಡಿಯನ್ನು ಮುಚ್ಚಿ ನೀರು ಉಕ್ಕಿ ಹರಿಯುವಂತೆ ಮಾಡಿತ್ತು. ಕಡತದಲ್ಲಿ ‘ಉದ್ದೇಶಪೂರ್ವಕ ನಿರ್ಲಕ್ಷ್ಯ’ ಎಂದು ದಾಖಲಾಗಿದ್ದ ಘಟನೆಯ ಹಿಂದೆ ನೆರೆಯವರ ನಿದ್ದೆಯ ಕಾಳಜಿಯಿತ್ತು.

ಬಾಕಿಯ ಮೂಲ

ಕಾರ್ಯಕರ್ತೆ ಆಕೆಯ ಒಪ್ಪಿಗೆ ಪಡೆದು, ಆಕೆಯ ಎದುರಿಗೇ, ಒಂದು ಭೇಟಿಗೆ ನಾಲ್ಕು ಲಕೋಟೆಯಂತೆ ತೆರೆಯುತ್ತ ಹೋದಾಗ ಹಿಂದಿನದೆಲ್ಲ ಬಿಡಿಸಿಕೊಂಡಿತು. ಆಕೆಗೆ ಹಲವು ವರ್ಷಗಳ ಹಿಂದೆಯೇ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವುದು ಪತ್ತೆಯಾಗಿ, ತಿಂಗಳಿಗೊಮ್ಮೆಯ ಚುಚ್ಚುಮದ್ದಿನಿಂದ ಸ್ಥಿತಿ ಹತೋಟಿಯಲ್ಲಿತ್ತು. ಕಾಗದಪತ್ರಗಳನ್ನೆಲ್ಲ ಅಕ್ಕ ನೋಡಿಕೊಳ್ಳುತ್ತಿದ್ದರು. ತಿಂಗಳ ಮೊದಲ ವಾರ ಬಂದು, ಅಂಚೆ ವಿಂಗಡಿಸಿ, ಚುಚ್ಚುಮದ್ದಿನ ದಿನ ಜೊತೆಗೆ ಹೋಗಿ ಬರುತ್ತಿದ್ದರು. ಎರಡು ವರ್ಷಗಳ ಹಿಂದೆ ಅವರು ತೀರಿಕೊಂಡರು. ನಮ್ಮ ಕಡತದ ‘ಆಪ್ತ ಸಂಬಂಧಿ’ ಕಾಲಂನಲ್ಲಿ ಇನ್ನೂ ಅವರ ಹೆಸರೇ ಇತ್ತು, ಒಂದು ಎಚ್ಚರಿಕೆ ಪತ್ರದ ಪ್ರತಿಯನ್ನು ಅವರ ವಿಳಾಸಕ್ಕೂ ಕಳುಹಿಸಿದ್ದೆವು. ಮರುವರ್ಷ ಚುಚ್ಚುಮದ್ದು ಕೊಡುವ ಸ್ಥಳ ಬದಲಾಯಿತು, ಅದನ್ನು ತಿಳಿಸಿದ ಪತ್ರವೂ ಚೀಲ ಸೇರಿತು. ಸಹಾಯಧನದ ವಾರ್ಷಿಕ ನವೀಕರಣದ ನಮೂನೆಯೂ ಅಲ್ಲೇ ಇತ್ತು. ಅದು ಮರಳಿ ಬರಲಿಲ್ಲವೆಂದು ಸಹಾಯಧನ ನಿಂತಿತು, ಅಲ್ಲಿಂದ ಬಾಕಿ ಆರಂಭವಾಯಿತು.

ಸ್ಕಿಜೋಫ್ರೇನಿಯಾ ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬಳಸುತ್ತ ಬಂದ ಅಂದಾಜಿನಲ್ಲಿ ಜಗತ್ತಿನ ಸುಮಾರು 300 ಜನರಲ್ಲಿ ಒಬ್ಬರಿಗೆ ಅದಿದೆ. ಸಾವಿರಾರು ಮನೆಗಳಿರುವ ಯಾವ ವಸತಿ ಸಂಸ್ಥೆಯ ಬಾಡಿಗೆ ಪಟ್ಟಿಯಲ್ಲೂ ಅಂಥವರು ಇದ್ದೇ ಇರುತ್ತಾರೆ. ಆದರೂ ಕಾಯಿಲೆಯೆಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಮುಂದೆ ಬರುವುದು ಭ್ರಮೆ, ಕೂಗಾಟಗಳೇ. ಮನೆ ಕಳೆದುಕೊಳ್ಳುವಂತೆ ಮಾಡುವುದು ಅವುಗಳಿಗಿಂತ ಮೌನವಾದ ಇನ್ನೊಂದು ಬಗೆಯ ಲಕ್ಷಣ: ಒಂದು ಕೆಲಸವನ್ನು ಆರಂಭಿಸುವ ಶಕ್ತಿಯೇ ಕುಂದುವುದು, ಹಲವು ಹಂತಗಳ ಕೆಲಸವನ್ನು ಕ್ರಮವಾಗಿ ಮಾಡಲಾಗದಿರುವುದು. ಪ್ರತಿ ತಿಂಗಳು ಒಂದೇ ದಿನ ಒಂದೇ ಮೊತ್ತ ಕಟ್ಟುವುದು ಆಕೆಗೆ ಸಾಧ್ಯವಿತ್ತು, ಏಕೆಂದರೆ ಅದು ರೂಢಿಯಾಗಿತ್ತು. 12 ಪುಟದ ನಮೂನೆಯನ್ನು ಓದಿ, ನಾಲ್ಕು ದಾಖಲೆಗಳನ್ನು ಹುಡುಕಿ, ಪ್ರತಿ ಮಾಡಿಸಿ, ಗಡುವಿನೊಳಗೆ ಕಳುಹಿಸುವುದು ಸಾಧ್ಯವಿರಲಿಲ್ಲ. ಹೊರಗಿನವರಿಗೆ ಈ ವ್ಯತ್ಯಾಸ ಸೋಮಾರಿತನದಂತೆ ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. 1865ರಲ್ಲಿ ಲಂಡನ್ನಿನ ಮ್ಯಾರಿಲೆಬೋನ್ ಪ್ರದೇಶದಲ್ಲಿ ಲೇಖಕ ಜಾನ್ ರಸ್ಕಿನ್ ಹಣ ಹೂಡಿ ಕೊಂಡ ಬಡವರ ಬಾಡಿಗೆ ಮನೆಗಳ ಆಡಳಿತವನ್ನು ವಹಿಸಿಕೊಂಡ ಸಮಾಜ ಸುಧಾರಕಿ ಆಕ್ಟೇವಿಯಾ ಹಿಲ್, ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಬಾಡಿಗೆ ವಸೂಲು ಮಾಡುವ ಪದ್ಧತಿಯನ್ನು ರೂಢಿಸಿದರು. ಬಾಕಿಯ ವಿಷಯದಲ್ಲಿ ಆಕೆ ಬಹಳ ಬಿಗಿ. ಇಂದು ಓದುವವರಿಗೆ ಆ ಶಿಸ್ತು ಕಟುವೆನಿಸಬಹುದು. ಆದರೆ ವಾರಕ್ಕೊಮ್ಮೆ ಬಾಗಿಲಿಗೆ ಬರುವವರಿಗೆ ಬಾಗಿಲು ತೆರೆಯದ ಮೊದಲ ವಾರವೇ ಏನೋ ಆಗಿದೆಯೆಂದು ತಿಳಿಯುತ್ತಿತ್ತು. ನಮ್ಮಲ್ಲಿಯೂ ಬಾಡಿಗೆ ವಸೂಲಿಗಾರರು ಬರುತ್ತಿದ್ದ ಕಾಲವಿತ್ತು. ಪಾವತಿಯೆಲ್ಲ ಬ್ಯಾಂಕಿನ ಮೂಲಕ ಆದ ಮೇಲೆ ಆ ಹುದ್ದೆಗಳನ್ನು ತೆಗೆದೆವು. ಖರ್ಚು ಉಳಿಯಿತು, ನಿಜ. ಅಕ್ಕ ತೀರಿಕೊಂಡ ಸುದ್ದಿ ಎರಡು ವರ್ಷ ನಮಗೆ ತಿಳಿಯದೆ ಹೋದದ್ದು ಆ ಉಳಿತಾಯದ ಲೆಕ್ಕದಲ್ಲಿ ಸೇರಿಲ್ಲ.

ಮಾಡಿದ್ದು, ಮತ್ತು ಮಾಡಲು ಒಪ್ಪದಿದ್ದದ್ದು

ತೆರವು ಅರ್ಜಿಯನ್ನು ಮೂರು ತಿಂಗಳು ತಡೆಹಿಡಿಯಲು ಒಪ್ಪಿಸಿದೆವು. ಲೆಕ್ಕಪುಸ್ತಕದ ಆ ಎಂಟು ಸಾಲುಗಳನ್ನು ತೋರಿಸಿದ ಮೇಲೆ ವಸೂಲಿ ವಿಭಾಗ ಹೆಚ್ಚು ವಾದಿಸಲಿಲ್ಲ. ವೈದ್ಯರ ಪತ್ರದೊಡನೆ ಸಹಾಯಧನದ ಅರ್ಜಿ ಸಲ್ಲಿಸಿದಾಗ ನಿಂತಿದ್ದ ಅವಧಿಯ ಬಹುಪಾಲು ಹಣ ಹಿಂದಿನಿಂದಲೇ ಮಂಜೂರಾಯಿತು. ಉಳಿದದ್ದಕ್ಕೆ ಆಕೆಯ ಮಾಮೂಲಿ ಪಾವತಿಯ ಜೊತೆಗೆ, ಅದೇ 3ನೇ ತಾರೀಖಿಗೆ, ಸಣ್ಣ ಕಂತು ಸೇರಿಸಿದೆವು. ಬೇರೆ ದಿನಾಂಕ ಕೊಟ್ಟಿದ್ದರೆ ಅದು ಹೊಸ ಕೆಲಸವಾಗುತ್ತಿತ್ತು. ಪತ್ರಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನು ನಿಲ್ಲಿಸಿ, ಮಂಗಳವಾರ ಕೈಗೇ ಕೊಟ್ಟು ಅಲ್ಲೇ ತೆರೆಯುವ ಏರ್ಪಾಡಾಯಿತು. ತಪಾಸಣೆಗಳನ್ನು ಮಧ್ಯಾಹ್ನಕ್ಕೆ ಬದಲಿಸಿದೆವು. ಹಿಂದೆ ವಿದ್ಯುತ್ ತಪಾಸಕರು ಹೋಗಿದ್ದು ಎರಡೂ ಬಾರಿ ಬೆಳಗ್ಗೆ 9 ಗಂಟೆಗೆ. ರಾತ್ರಿಯೆಲ್ಲ ಎಚ್ಚರವಿದ್ದವರು ನಿದ್ದೆ ಹೋಗುವ ಹೊತ್ತು ಅದು, ಸಾಲದೆಂಬಂತೆ ಮನೋರೋಗದ ಅನೇಕ ಔಷಧಿಗಳ ಮಂಪರು ಬೆಳಗಿನ ಹೊತ್ತೇ ಹೆಚ್ಚು.

ಚಿಕಿತ್ಸೆಗೆ ಮರಳುವುದು ಇಷ್ಟು ಸುಲಭವಾಗಲಿಲ್ಲ. ಚುಚ್ಚುಮದ್ದಿನಿಂದ ತೂಕ ಏರಿತ್ತು, ಮೈ ಜಡವಾಗುತ್ತಿತ್ತು ಎಂಬುದು ಆಕೆಯ ದೂರು. ಅದು ನಿಜವೂ ಹೌದು. ವಸತಿ ಸಂಸ್ಥೆ ಮನೆಯನ್ನು ಮುಂದಿಟ್ಟುಕೊಂಡು ಚಿಕಿತ್ಸೆಗೆ ಒತ್ತಾಯಿಸಬಾರದೆಂದು ನಾವು ಮೊದಲೇ ತೀರ್ಮಾನಿಸಿದ್ದೆವು. ಕಾರ್ಯಕರ್ತೆ ಆಕೆಯ ಜೊತೆ ಮನೋವೈದ್ಯರಲ್ಲಿಗೆ ಹೋಗಿ, ಈ ಅಡ್ಡಪರಿಣಾಮಗಳನ್ನು ಆಕೆಯೇ ಹೇಳುವಂತೆ ಪಕ್ಕದಲ್ಲಿ ಕುಳಿತರು. ವೈದ್ಯರು ಬೇರೆ ಔಷಧಿ ಆರಂಭಿಸಿದರು. ಧ್ವನಿಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ರಾತ್ರಿಗೆಂದು ಕಿವಿಗೆ ಹಾಕುವ ಹೆಡ್‌ಫೋನಿನ ಸಣ್ಣ ರೇಡಿಯೊ ಬಂದಿತು. ತೊಟ್ಟಿಗೆ, ನೀರು ಅಂಚಿನವರೆಗೆ ಏರಿದರೆ ತಾನಾಗಿ ಹೊರಹೋಗುವಂತೆ ಮೇಲ್ಗಂಡಿಯೊಂದನ್ನು ಪ್ಲಂಬರ್ ಕೊರೆದುಕೊಟ್ಟರು. ಇಡೀ ಪ್ರಕರಣದಲ್ಲಿ ಇದು ಅತಿ ಅಗ್ಗದ ಕೆಲಸ, ಮೊದಲ ಸೋರಿಕೆಯ ದಿನವೇ ಮಾಡಬಹುದಾಗಿದ್ದದ್ದು.

ಸಹೋದ್ಯೋಗಿಗಳಲ್ಲಿ ಕೆಲವರು ಆಕೆಯನ್ನು ಸಿಬ್ಬಂದಿ ಸದಾ ಇರುವ ಆಶ್ರಯ ವಸತಿಗೆ ಸ್ಥಳಾಂತರಿಸುವುದೇ ಮೇಲೆಂದು ವಾದಿಸಿದರು. ಕಾಳಜಿಯಿಂದಲೇ ಹುಟ್ಟಿದ ವಾದವದು. ನಾನು ಒಪ್ಪಲಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಆರಂಭಿಸಿದ ‘ಮೊದಲು ಮನೆ’ ಮಾದರಿ, ಬೀದಿಯಲ್ಲಿದ್ದ ಮಾನಸಿಕ ರೋಗಿಗಳಿಗೆ ಚಿಕಿತ್ಸೆಯ ಷರತ್ತಿಲ್ಲದೆ ಸ್ವಂತ ಬಾಡಿಗೆ ಮನೆ ಕೊಟ್ಟು, ನೆರವನ್ನು ಆ ಮನೆಗೇ ತಲುಪಿಸಿತು. ಕೆನಡಾ ಇದನ್ನು 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದಾಗ, ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಪೂರ್ತಿ ಅವಧಿ ಮನೆಯಲ್ಲಿ ಉಳಿದವರು ಈ ಮಾದರಿಯಲ್ಲಿ ಶೇ. 62, ಮಾಮೂಲಿ ಸೇವೆಯಲ್ಲಿ ಶೇ. 31. ನಮ್ಮ ಬಾಡಿಗೆದಾರರು ಬೀದಿಯಲ್ಲಿದ್ದವರಲ್ಲವಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಅನ್ವಯಿಸಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ತೀವ್ರ ಕಾಯಿಲೆಯುಳ್ಳವರು ತಮ್ಮದೇ ಮನೆಯಲ್ಲಿ ನೆಲೆಸಲಾರರು ಎಂಬ ಮಾತಿಗೆ ಅವು ಉತ್ತರವಂತೂ ಹೌದು. ಅದಕ್ಕೂ ಮಿಗಿಲಾಗಿ, ತನಗೆ ಅದೇ ಮನೆ ಬೇಕೆಂದು ಆಕೆ ಎರಡು ಬಾರಿ ಸ್ಪಷ್ಟವಾಗಿ ಹೇಳಿದ್ದರು. ಎಲ್ಲಿ, ಯಾರೊಂದಿಗೆ ವಾಸಿಸಬೇಕೆಂಬ ಆಯ್ಕೆ ಅಂಗವಿಕಲ ವ್ಯಕ್ತಿಗಳ ಹಕ್ಕು ಎಂದು ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 19ನೇ ವಿಧಿ ಹೇಳುತ್ತದೆ. ದೀರ್ಘಕಾಲದ ಮಾನಸಿಕ ತೊಂದರೆಯೂ ಆ ಒಡಂಬಡಿಕೆಯ ವ್ಯಾಪ್ತಿಗೆ ಬರುತ್ತದೆ.

ಕೆಳಮಹಡಿಯ ಕುಟುಂಬ

ಇಂಥ ಬರಹಗಳಲ್ಲಿ ನೆರೆಯವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಅನ್ಯಾಯ. ಚಿಕ್ಕ ಮಗುವಿದ್ದ ಆ ಮನೆಯವರು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದರು, ಮೂರು ಬಾರಿ ಹಾಸಿಗೆಯ ಮೇಲೆಯೇ ನೀರು ಸುರಿದಿತ್ತು. ನಾನು ಖುದ್ದಾಗಿ ಹೋಗಿ, ಮೇಲಿನ ಮನೆಯ ವಿಷಯದಲ್ಲಿ ಕೆಲಸ ಆರಂಭವಾಗಿದೆ, ಕಾರಣವನ್ನು ಹೇಳಲು ನನಗೆ ಅನುಮತಿಯಿಲ್ಲ ಎಂದಾಗ ಮನೆಯೊಡತಿ ನನ್ನನ್ನೇ ನೋಡುತ್ತ ಕೇಳಿದರು: “ಮೇಡಂ, ನೀವು ಹೇಳದಿದ್ದರೂ ನಮಗೆ ಗೊತ್ತಾಗುತ್ತದೆ. ಅವರಿಗೆ ಹುಷಾರಿಲ್ಲ ಅಂದರೆ ನಮಗೆ ನಿದ್ದೆ ಬೇಡವೇ?”

ನನ್ನಲ್ಲಿ ಉತ್ತರವಿರಲಿಲ್ಲ. ಸಮ್ಮತಿಪತ್ರದಲ್ಲಿ ಆಕೆ, ತನ್ನ ಕಾಯಿಲೆಯ ಹೆಸರನ್ನು ನೆರೆಯವರಿಗೆ ಹೇಳಕೂಡದೆಂದು ಬರೆಸಿದ್ದರು, ಅದನ್ನು ಮೀರುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಕೈಯಲ್ಲಿ ಇದ್ದದ್ದು ಚಾವಣಿಯ ದುರಸ್ತಿ. ಮೊದಲ ಸೋರಿಕೆಯಿಂದ ಬಾಕಿ ಉಳಿದಿದ್ದ ಆ ಕೆಲಸವನ್ನು, ಹಾನಿಯ ಖರ್ಚು ಯಾರ ತಲೆಗೆ ಎಂಬ ವಾದ ಬದಿಗಿಟ್ಟು, ಹತ್ತು ದಿನದಲ್ಲಿ ಮುಗಿಸಿದೆವು. ರಾತ್ರಿ ಸದ್ದಾದರೆ ಕರೆ ಮಾಡಲು ನೇರ ಸಂಖ್ಯೆಯೊಂದನ್ನು ಕೊಟ್ಟೆವು. ಮೊದಲ ತಿಂಗಳು ಅವರು ಆರು ಬಾರಿ ಕರೆ ಮಾಡಿದರು, ಎರಡನೇ ತಿಂಗಳು ಒಮ್ಮೆ. ಅವರ ಸಿಟ್ಟಿನಲ್ಲಿ ದೊಡ್ಡ ಪಾಲು ಮೇಲಿನ ಮನೆಯವರ ಮೇಲಲ್ಲ, 14 ದೂರು ಕೊಟ್ಟರೂ ಒಬ್ಬರೂ ಬಂದು ನೋಡಲಿಲ್ಲವೆಂದು ನಮ್ಮ ಮೇಲಿತ್ತು.

ಎರಡನೇ ಕುಸಿತ

ಏಳನೇ ತಿಂಗಳಲ್ಲಿ ಕಾರ್ಯಕರ್ತೆ ಮೂರು ವಾರ ರಜೆಯಲ್ಲಿದ್ದರು. ಆ ವಾರಗಳಲ್ಲೇ ಸಹಾಯಧನದ ಕಂತು ನಾಲ್ಕು ದಿನ ತಡವಾಯಿತು, ಗಣಕಯಂತ್ರ ತಾನಾಗಿ ಒಂದು ಎಚ್ಚರಿಕೆ ಪತ್ರ ಮುದ್ರಿಸಿತು, ಅಂಚೆ ವಿಭಾಗ ಅದನ್ನು ಕಳುಹಿಸಿತು. ಸ್ವಯಂಚಾಲಿತ ಪತ್ರಗಳಿಂದ ಈ ಮನೆಯನ್ನು ಹೊರಗಿಡಬೇಕೆಂಬ ಸೂಚನೆಗೆ ನಾನು ಸಹಿ ಹಾಕಿದ್ದೆ, ಅದನ್ನು ತಂತ್ರಾಂಶದಲ್ಲಿ ದಾಖಲಿಸಿದ್ದಾರೆಯೇ ಎಂದು ನೋಡಿರಲಿಲ್ಲ. ರಜೆಯ ಅವಧಿಗೆ ಬದಲಿಯಾಗಿ ಹೋದವರು ಮಂಗಳವಾರದ ಬದಲು ಗುರುವಾರ ಹೋದರು. ಟೇಪುಗಳು ಮರಳಿ ಬಂದವು.

ಈ ಬಾರಿ ಒಂದು ಆಸರೆಯಿತ್ತು. ಆರೋಗ್ಯ ಸರಿಯಿದ್ದಾಗ ಆಕೆಯೇ ಹೇಳಿ ಬರೆಸಿದ್ದ ಮುನ್ಸೂಚನೆಯ ಹಾಳೆಯಲ್ಲಿ, ‘ಕಿಂಡಿ ಮುಚ್ಚಿದರೆ ಡಾಕ್ಟರಿಗೆ ಹೇಳಿ, ಪೊಲೀಸರನ್ನು ಕರೆಯಬೇಡಿ’ ಎಂಬ ಸಾಲಿತ್ತು. ವೈದ್ಯಕೀಯ ತಂಡ ಎರಡೇ ದಿನದಲ್ಲಿ ಮನೆಗೆ ಬಂದಿತು. ಆಕೆ ತಾವಾಗಿ ಒಪ್ಪಿ ಆಸ್ಪತ್ರೆಗೆ ದಾಖಲಾಗಿ 19 ದಿನ ಇದ್ದರು. ಅಷ್ಟೂ ದಿನ ಬಾಡಿಗೆ ನಿಲ್ಲದಂತೆ, ಬೀಗದ ಕೈ ಒಬ್ಬರ ಬಳಿಯೇ ಇರುವಂತೆ, ಮನೆಯಲ್ಲಿ ಯಾವ ದುರಸ್ತಿಗೂ ಕೈಹಾಕದಂತೆ ನೋಡಿಕೊಂಡೆವು. ಖಾಲಿಯಿರುವಾಗಲೇ ಬಣ್ಣ ಹೊಡೆಸಿಬಿಡೋಣ ಎಂದು ನಿರ್ವಹಣಾ ವಿಭಾಗ ಸದುದ್ದೇಶದಿಂದಲೇ ಕೇಳಿತ್ತು. ಮರಳಿ ಬಂದವರಿಗೆ ಮನೆಯೇ ಅಪರಿಚಿತವಾದರೆ ಹೇಗೆಂದು ಬೇಡವೆಂದೆವು. ಬಿಡುಗಡೆಯ ಹಿಂದಿನ ದಿನ ಕಾರ್ಯಕರ್ತೆ ಆಸ್ಪತ್ರೆಗೆ ಹೋದರು, ಮರುದಿನ ಜೊತೆಯಲ್ಲೇ ಮನೆಗೆ ಬಂದರು. ಮನೋರೋಗ ಚಿಕಿತ್ಸೆಯ ನಂತರ ಆಸ್ಪತ್ರೆಯಿಂದ ಮರಳಿದ ಮೊದಲ ದಿನಗಳು ಮತ್ತು ವಾರಗಳೇ ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವ ಕಾಲವೆಂಬುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡಿರುವ ವಿಷಯ. ವಸತಿ ಸಂಸ್ಥೆಗಳ ಕಾರ್ಯಪದ್ಧತಿಯಲ್ಲಿ ಆ ವಾರಗಳಿಗೆಂದು ಪ್ರತ್ಯೇಕ ಸಾಲೇ ಇರುವುದಿಲ್ಲ, ನಮ್ಮಲ್ಲೂ ಇರಲಿಲ್ಲ. ಮೊದಲ ವಾರ ದಿನ ಬಿಟ್ಟು ದಿನ, ಆಮೇಲೆ ಮಂಗಳವಾರ ಮತ್ತು ಶುಕ್ರವಾರ ಭೇಟಿ ನಡೆದವು.

ನೆರವನ್ನು ಯಾವಾಗ ಹಿಂತೆಗೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆಸ್ಪತ್ರೆ ಅಥವಾ ಆಶ್ರಯತಾಣದಿಂದ ಮನೆಗೆ ಬರುವವರಿಗೆಂದು ನ್ಯೂಯಾರ್ಕಿನಲ್ಲಿ ರೂಪುಗೊಂಡ ನೆರವಿನ ಮಾದರಿಯೊಂದು ಮೂರು ತಿಂಗಳ ಮೂರು ಹಂತಗಳಲ್ಲಿ, ಒಟ್ಟು ಒಂಬತ್ತು ತಿಂಗಳಿಗೆ ಮುಗಿಯುತ್ತದೆ. ಕಾರ್ಯಕರ್ತರು ಕ್ರಮೇಣ ಹಿಂದೆ ಸರಿದು ಸ್ಥಳೀಯ ಸೇವೆ ಮತ್ತು ಬಂಧುಗಳಿಗೆ ಹೊಣೆ ದಾಟಿಸುತ್ತಾರೆ. ನಮ್ಮ ಅನುದಾನವೂ ಹಾಗೆಯೇ ಅವಧಿಗೆ ಕಟ್ಟುಬಿದ್ದದ್ದು. ಆದರೆ ಹೊಣೆ ದಾಟಿಸಲು ಆಕೆಗೆ ಅಕ್ಕನಂಥವರು ಯಾರೂ ಇಲ್ಲ. ಸದ್ಯಕ್ಕೆ ವಾರದ ಭೇಟಿಯನ್ನು ನೆರವು ವಿಭಾಗದಿಂದ ಬಿಡಿಸಿ, ಆ ಕಟ್ಟಡದ ಉಸ್ತುವಾರಿಯ ಮಾಮೂಲಿ ಕೆಲಸಕ್ಕೆ ಸೇರಿಸುವ ಪ್ರಯತ್ನದಲ್ಲಿದ್ದೇವೆ. ಉಸ್ತುವಾರಿ ಎರಡು ತಿಂಗಳಿಂದ ಕಾರ್ಯಕರ್ತೆಯ ಜೊತೆ ಹೋಗಿ ಬರುತ್ತಿದ್ದಾರೆ. ಒಳಗೆ ಕೂರದೆ ಬಾಗಿಲಲ್ಲೇ ನಿಂತು ಮಾತಾಡಿ ಬರುತ್ತಾರೆ, ಆಕೆಗೂ ಅದೇ ಹಿತವಂತೆ.

ಪ್ರಕರಣ ನಮ್ಮಲ್ಲಿಗೆ ಬಂದು 14 ತಿಂಗಳಾಗಿದೆ. ಬಾಕಿಯಲ್ಲಿ ಇನ್ನು ಐದು ಕಂತು ಉಳಿದಿವೆ. ವಿದ್ಯುತ್ ತಪಾಸಣೆ ಮುಗಿದಿದೆ; ಬರುವವರ ಹೆಸರನ್ನು ಒಂದು ವಾರ ಮೊದಲೇ ತಿಳಿಸಬೇಕೆಂಬ ಆಕೆಯ ಒಂದೇ ಷರತ್ತನ್ನು ಪಾಲಿಸಿದೆವು. ಗಾಳಿಕಿಂಡಿಗಳು ತೆರೆದಿವೆ. ಅಂಚೆಯ ಸೀಳಿನ ಮೇಲಿನ ಟೇಪು ಮಾತ್ರ ಹಾಗೆಯೇ ಇದೆ. ಕಳೆದ ವಾರ್ಷಿಕ ಪರಿಶೀಲನೆಯಲ್ಲಿ ಅದನ್ನು ‘ಸರಿಪಡಿಸಬೇಕಾದ ದೋಷ’ ಎಂದು ಬರೆದಿದ್ದರು. ಆ ಸಾಲನ್ನು ಹೊಡೆದುಹಾಕಿ, ‘ಪತ್ರಗಳನ್ನು ಮಂಗಳವಾರ ಮಧ್ಯಾಹ್ನ 3 ಗಂಟೆಗೆ ಕೈಗೆ ಕೊಡುವುದು’ ಎಂದು ಬರೆದು ಸಹಿ ಮಾಡಿದೆ. ತಂತ್ರಾಂಶದಲ್ಲಿ ಅದು ದಾಖಲಾಗಿದೆಯೇ ಎಂದು ಈ ಬಾರಿ ತೆರೆದು ನೋಡಿದೆ.